ಖಾರದ ಯಂತ್ರಕ್ಕೆ ಬೆಳ್ಳಿ ಹಚ್ಚಿದ್ದು

ಜೂನ್ ೮, ಭಾನುವಾರ, ಬೆಳಿಗ್ಗೆ ೯:೨೦. ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಆಗ.

ಆದೋನಿಯಲ್ಲಿ ನಮ್ಮದೊಂದು ಗಿರಣಿ. ಜೋಳಕ್ಕೊಂದು ಯಂತ್ರ, ಮೆಣಸಿನಕಾಯಿಗೊಂದು. ಎರಡಕ್ಕೂ ಹಿಡಿ ಎತ್ತಿ ಹಾಕುವ ಹಳೆಯ ಸ್ವಿಚ್ಚು. ತಾಮ್ರದ ಮೂರು ಅಲಗುಗಳು ಮೂರು ಚಿಮಟಗಳೊಳಗೆ ಜಾರಿ ಕೂರಬೇಕು. ತಿಂಗಳಿಂದ ಎರಡೂ ಸ್ವಿಚ್ಚುಗಳು ಬಿಸಿಯಾಗುತ್ತಿದ್ದವು. ನಾನು ದಿನಕ್ಕೆ ಮೂರು ಸಲ ಮುಟ್ಟಿ ನೋಡಿ, ದಿನಚರಿಯಲ್ಲಿ ಬರೆದಿಟ್ಟಿದ್ದೆ. ದುರಸ್ತಿಯೊಂದನ್ನು ಮಾಡಿರಲಿಲ್ಲ.

ಆ ದಿನ ವೀರೇಶ ಬಂದ. ನನ್ನ ಹೆಂಡತಿ ನಾಗವೇಣಿಯ ತಂಗಿಯ ಗಂಡ. ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸ. ಜೇಬಿನಿಂದ ಕುಂಕುಮದ ಭರಣಿಯಷ್ಟು ಡಬ್ಬಿ ತೆಗೆದು ನಾಗವೇಣಿಗೆ ತೋರಿಸಿದ.

“ಇದು ಗ್ರೀಸು ಅಕ್ಕಾ. ಒಳಗ ಬೆಳ್ಳಿ ಕಣ ಅದಾವ. ಒಂದು ಕೂದಲನ್ನ ಉದ್ದಕ್ಕ ಸಾವಿರ ಸೀಳು ಮಾಡಿದ್ರ ಒಂದು ಸೀಳು ಎಷ್ಟಿರ್ತೈತಿ, ಅಷ್ಟು ಸಣ್ಣವು. ತಾಮ್ರ ನುಣ್ಣಗ ಕಂಡ್ರೂ ತಗ್ಗು ದಿಣ್ಣಿ ಇರ್ತಾವ. ಇವು ತಗ್ಗು ತುಂಬ್ತಾವ. ಕರೆಂಟು ಸಲೀಸು ಹೋಗ್ತೈತಿ, ಅಲಗೂ ಸವಿಯಂಗಿಲ್ಲ.”

ಜೋಳದ ಸ್ವಿಚ್ಚಿಗೆ ಹಚ್ಚಿದ. ಅದು ತಣ್ಣಗಾಯಿತು. ಡಬ್ಬಿಯ ತಳದಲ್ಲಿದ್ದ ಚೂರು ಗ್ರೀಸು ಅಷ್ಟಕ್ಕೇ ಮುಗಿದಿದ್ದರಿಂದ ಖಾರದ್ದನ್ನು ಮುಂದಿನ ಸಲಕ್ಕೆ ಬಿಟ್ಟು ಬಸ್ಸು ಹತ್ತಿದ.

ನಾನು ದಿನಚರಿಯಲ್ಲಿ ಗೆರೆ ಎಳೆದು ಎರಡು ಕಾಲಂ ಮಾಡಿದೆ. ಬುಧವಾರದ ಹೊತ್ತಿಗೆ ನಾಗವೇಣಿಯ ಹೊಗಳಿಕೆಗಳು: ವೀರೇಶನಿಗೆ ೧೯, ನನಗೆ ಸೊನ್ನೆ.

ಗುರುವಾರ ಬೆಳಿಗ್ಗೆ ೭:೦೫ಕ್ಕೆ ನಾನೂ ವಿಜ್ಞಾನಿಯಾದೆ. ಬೆಳ್ಳಿ ತಾನೇ? ಸಿಹಿತಿಂಡಿಗೆ ಅಂಟಿಸುವ ಬೆಳ್ಳಿ ರೇಕು ಉಸಿರು ತಾಗಿದರೆ ಹಾರುವಷ್ಟು ತೆಳುವು. ಹನ್ನೆರಡು ಹಾಳೆ ತಂದು, ಬಂಡಿಯ ಕೀಲಿಗೆ ಹಾಕುವ ಗ್ರೀಸಿನಲ್ಲಿ ಅರೆದೆ. ಮೀಟರಿನ ಪಕ್ಕದ ಬ್ರೇಕರ್ ಇಳಿಸಿ, ಹೋಳಿಗೆಗೆ ತುಪ್ಪ ಸುರಿದಂತೆ ಅಲಗಿಗೆ, ಚಿಮಟಕ್ಕೆ, ನಡುವಿನ ಜಾಗಕ್ಕೆ ಧಾರಾಳವಾಗಿ ಬಳಿದೆ. ಸ್ವಿಚ್ಚು ಮದುಮಗನಂತೆ ಹೊಳೆಯಿತು.

“ಏನ್ ಮಾಡಾಕ್ಹತ್ತೀರಿ?” ಎಂದಳು ನಾಗವೇಣಿ.

“ಸಂಶೋಧನೆ.”

“ವೀರೇಶಗ ಒಂದು ಫೋನ್ ಮಾಡ್ರಿ.”

ಬ್ರೇಕರ್ ಎತ್ತಿದೆ.

ಠಪ್!

ಮೂರು ಅಲಗಿನ ಕರೆಂಟೂ ನಡುವಿನ ಬೆಳ್ಳಿ ದಾಟಿ ಒಂದಾಗಿತ್ತು. ನೀಲಿ ಬೆಳಕು, ಕಪ್ಪು ಹೊಗೆ. ಎರಡು ಯಂತ್ರಕ್ಕೂ ಬ್ರೇಕರ್ ಒಂದೇ ಆದ್ದರಿಂದ, ವೀರೇಶ ಸರಿಮಾಡಿದ್ದ ಜೋಳದ ಯಂತ್ರಕ್ಕೂ ಕರೆಂಟಿಲ್ಲದಾಯಿತು. ಹೊಳಗುಂದದಿಂದ ಚೀಲ ಹೊತ್ತು ಬಂದಿದ್ದ ಹುಸೇನಮ್ಮ ಬಾಗಿಲಲ್ಲೇ ನಿಂತಳು.

“ಏಮಪ್ಪಾ, ಮೆಣಸಿನಕಾಯಿ ಇನ್ನಾ ನನ್ನ ಚೀಲದಾಗೈತಿ. ಹೊಗಿ ಆಗ್ಲೇ ಬಂತಲ್ಲ?”

ನಾಗವೇಣಿ, ವೀರೇಶ ಏನು ಹೇಳಿದ್ದನೆಂದು ನೋಡಲು ನನ್ನ ದಿನಚರಿ ತೆರೆದಳು. ಜೂನ್ ೮ರ ಪುಟವನ್ನು ಗಟ್ಟಿಯಾಗಿ ಓದಿದಳು:

“‘೯:೪೦. ಹೊಗಳಿಕೆ ೭. ಸಾಸಿವಿ ಕಾಳಿನಷ್ಟ ಹಚ್ಚಿದಿ, ಆಚೀಚಿ ಒಂದೀಟೂ ತಾಗಿಸಲಿಲ್ಲ, ಜಾಣ ಬಿಡು ವೀರೇಶ.’ ನೀವ ಬರದೀರಲ್ರಿ!”

ಬರೆದಿದ್ದೆ. ಎಣಿಸಿಯೂ ಇದ್ದೆ. ಓದಿರಲಿಲ್ಲ.

ಅವಳು ಪುಟವನ್ನು ಇನ್ನೊಮ್ಮೆ ನೋಡಿದಳು. “ಅಕ್ಷರ ಮಾತ್ರ ದುಂಡಗ ಅದಾವ,” ಎಂದು ವೀರೇಶನಿಗೆ ಫೋನ್ ಮಾಡಲು ಹೋದಳು.

ಬೆಳಿಗ್ಗೆ ೮:೧೨. ಈ ಮಾತನ್ನು ನನ್ನ ಕಾಲಂನಲ್ಲಿ ಒಂದೆಂದು ಬರೆಯಬಹುದೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಸುಟ್ಟ ತಾಮ್ರದಿಂದ ಬೆಳ್ಳಿ ಬಿಡಿಸುವ ಉಪಾಯ ಗೊತ್ತಿದ್ದರೆ ಅದನ್ನೂ ತಿಳಿಸಿ. ವೀರೇಶ ಬರೆಯುವುದು ಬೇಡ. ಅವನು ಭಾನುವಾರ ಹೇಗೂ ಬರುತ್ತಾನೆ.