ಆರು ಸಲ ಸತ್ತವನ ಸಂದರ್ಶನ

ಕಾಗದನಗರದಲ್ಲಿ ನನ್ನಷ್ಟು ಚೆನ್ನಾಗಿ ಸಾಯುವವನು ಇನ್ನೊಬ್ಬ ಇರಲಿಲ್ಲ. ಇದು ನನ್ನ ಬಾಯಿಂದ ಬಂದ ಮಾತಲ್ಲ, ಇಡೀ ಕ್ವಾರ್ಟರ್ಸೇ ಹೇಳುತ್ತಿದ್ದ ಮಾತು. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಗಣಪತಿ ಹಬ್ಬಕ್ಕೊಂದು, ರಾಜ್ಯೋತ್ಸವಕ್ಕೊಂದು ಎಂದು ನಾವು ವರ್ಷಕ್ಕೆರಡು ನಾಟಕ ಆಡುತ್ತಿದ್ದೆವು. ಮೂರು ವರ್ಷಕ್ಕೆ ಆರು ನಾಟಕ. ಆರರಲ್ಲೂ ನಾನು ಸತ್ತಿದ್ದೆ! ಕತ್ತಿಯಿಂದ ಎರಡು ಸಲ, ವಿಷದಿಂದ ಎರಡು ಸಲ, ಬಾಣದಿಂದ ಒಮ್ಮೆ, ಗುಂಡಿನಿಂದ ಒಮ್ಮೆ. ನಾಟಕದ ಮರುದಿನ ಬೆಳಿಗ್ಗೆ ನಾನು ಹಾಲು ತರಲು ಹೋದರೆ ಎದುರು ಮನೆಯ ಸರೋಜಮ್ಮ, "ಅಯ್ಯೋ, ಬದುಕಿದ್ದೀಯೇನೋ ಲೋಕೇಶ!" ಎಂದು ನಿಟ್ಟುಸಿರು ಬಿಡುತ್ತಿದ್ದರು. ನಟನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದೆ ಎಂದು ನಾನು ಬೀಗುತ್ತಿದ್ದೆ.

ಈ ಸಾವಿನ ವಿದ್ಯೆಯನ್ನು ನನಗೆ ಕಲಿಸಿದವರು ಮುರುಗೇಶಣ್ಣ. ನಮ್ಮೂರಿನ ಕಾಗದದ ಮಿಲ್ಲಿನ ಸೇಫ್ಟಿ ವಿಭಾಗದಲ್ಲಿ ಅವರ ಕೆಲಸ. ಅಪಘಾತವಾದರೆ ವರದಿ ಬರೆಯುವವರು ಅವರೇ. ಸಂಜೆ ಹೊತ್ತು ನಮ್ಮ ನಾಟಕಗಳ ನಿರ್ದೇಶಕರು. ತಮಿಳು ಬೆರೆತ ಅವರ ಕನ್ನಡದಲ್ಲಿ ಒಂದು ನಿಯಮ ಮಾತ್ರ ಕಲ್ಲಿನ ಮೇಲೆ ಬರೆದಂತಿತ್ತು. "ಡೇಯ್ ಲೋಕೇಶ, ಸತ್ತ ಮೇಲೆ ಪರದೆ ಬೀಳೋತನಕ ಅಲ್ಲಾಡಬಾರದು. ಸೊಳ್ಳೆ ಕಚ್ಚಲಿ, ಇರುವೆ ಹತ್ತಲಿ, ಜನ ಏನಾದ್ರೂ ಕೂಗಲಿ. ನೀನು ಹೆಣ. ತಿಳೀತಾ?"

ತಿಳಿದಿತ್ತು. ಒಮ್ಮೆ ನಾನು ಸತ್ತು ಬಿದ್ದಾಗ ಪರದೆಯ ಹಗ್ಗ ರಾಟೆಗೆ ಸಿಕ್ಕಿಕೊಂಡು ಕಾಲು ಗಂಟೆ ಬೀಳಲೇ ಇಲ್ಲ. ಮುಂದಿನ ಸಾಲಿನವರು "ಏಳೋ, ಟೀ ಕುಡಿದು ಬಾ" ಎಂದು ಕಡಲೆಕಾಯಿ ಸಿಪ್ಪೆ ಎಸೆದರು. ನಾನು ಮಿಸುಕಲಿಲ್ಲ. ಅವತ್ತು ಮುರುಗೇಶಣ್ಣ ನನ್ನನ್ನು ಅಪ್ಪಿಕೊಂಡು ಅತ್ತುಬಿಟ್ಟರು.

ಹೀಗಿರುವಾಗ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು. ಒಂದು ವರ್ಷದ ನಾಟಕ ತರಬೇತಿಗೆ ಯುವಕ ಯುವತಿಯರಿಂದ ಅರ್ಜಿ ಆಹ್ವಾನಿಸಲಾಗಿದೆ, ಸಂದರ್ಶನ ಶಿವಮೊಗ್ಗದಲ್ಲಿ. ನನಗಾಗಿಯೇ ಅಚ್ಚು ಹಾಕಿಸಿದಂತಿತ್ತು! ಅರ್ಜಿಯ ಜೊತೆ ಅನುಭವ ಪತ್ರ ಬೇಕಿತ್ತು. ಮುರುಗೇಶಣ್ಣ ತಮಗೆ ಗೊತ್ತಿದ್ದ ಒಂದೇ ಒಂದು ಮಾದರಿಯಲ್ಲಿ ಬರೆದುಕೊಟ್ಟರು: "ಸದರಿ ಲೋಕೇಶ್ ಬಿನ್ ರುದ್ರಪ್ಪ ಎಂಬುವರು ಕಳೆದ ಮೂರು ವರ್ಷಗಳ ಅವಧಿಯಲ್ಲಿ ಆರು ಬಾರಿ ಮರಣ ಹೊಂದಿದ್ದು, ಎಲ್ಲಾ ಮರಣಗಳೂ ತೃಪ್ತಿಕರವಾಗಿದ್ದವು ಎಂದು ಈ ಮೂಲಕ ದೃಢೀಕರಿಸಲಾಗಿದೆ."

ಇನ್ನು ಉಳಿದದ್ದು ಪೋಷಕರ ಸಹಿ. ಕಷ್ಟ ಇದ್ದದ್ದೇ ಅಲ್ಲಿ.

ನಮ್ಮಪ್ಪ ಅದೇ ಮಿಲ್ಲಿನ ಬಾಯ್ಲರ್ ವಿಭಾಗದಲ್ಲಿ ಇಪ್ಪತ್ತೈದು ವರ್ಷ ದುಡಿದವರು. ನಾಟಕ ಎಂದರೆ ಅವರಿಗೆ ಆಗುತ್ತಿರಲಿಲ್ಲ. ನನ್ನ ನಾಟಕ ಇದ್ದ ದಿನ ಬೇರೆಯವರ ಶಿಫ್ಟನ್ನೂ ಕೇಳಿ ಹಾಕಿಸಿಕೊಂಡು ಕೆಲಸಕ್ಕೆ ಹೋಗಿಬಿಡುತ್ತಿದ್ದರು. ನಾನು ಫಾರಂ ಮುಂದಿಟ್ಟಾಗ ಅವರು ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದಿದರು.

"ಮಿಲ್ಲಿನ ಅಪ್ರೆಂಟಿಸ್ ಫಾರಂ ಸೋಮವಾರ ಕೊನೆ ದಿನ. ಗೊತ್ತಲ್ಲ?"

"ಗೊತ್ತಪ್ಪ."

"ನಿನ್ನ ಸಂದರ್ಶನ ಶನಿವಾರ. ಒಂದೇ ಸಲ. ತಗೊಂಡ್ರೆ ಹೋಗು, ನಾನು ಅಡ್ಡ ಬರಲ್ಲ. ತಗೊಳ್ಳಲಿಲ್ಲ ಅಂದ್ರೆ ಸೋಮವಾರ ಬಾಯಿ ಮುಚ್ಕೊಂಡು ಮಿಲ್ಲಿಗೆ ಬರ್ಬೇಕು. ಆಮೇಲೆ ಈ ಮನೇಲಿ ನಾಟಕದ ಸುದ್ದಿ ಎತ್ತಬಾರದು."

"ಹೂಂ."

"ನಾನೂ ಬರ್ತೀನಿ. ನೀನು ಬಂದು ನಂಗೆ ಕತೆ ಹೇಳೋದು ಬೇಡ."

ಅಮ್ಮ ಅಡುಗೆಮನೆಯಿಂದಲೇ, "ಅಯ್ಯೋ, ಸಹಿ ಮಾಡ್ರೀ ಅತ್ಲಾಗೆ, ಮಗು ಮುಖ ನೋಡಿ" ಎಂದರು. ಇಪ್ಪತ್ತು ವರ್ಷದ, ಗಡ್ಡ ಬಂದ ಮಗು ನಾನು. ಅಪ್ಪ ಸಹಿ ಮಾಡಿದರು.

ಸಂದರ್ಶನಕ್ಕೆ ಯಾವ ದೃಶ್ಯ ಮಾಡುವುದು ಎಂದು ನಾನೂ ಮುರುಗೇಶಣ್ಣನೂ ಮೂರು ದಿನ ಚರ್ಚಿಸಿದೆವು. ಕತ್ತಿಯ ಸಾವಿಗೆ ತಿವಿಯುವವನು ಬೇಕು, ಬಾಣಕ್ಕೆ ಬಿಡುವವನು ಬೇಕು. ಒಬ್ಬನೇ ಸಾಯಬೇಕೆಂದರೆ ವಿಷವೇ ಸೈ ಎಂದು ತೀರ್ಮಾನವಾಯಿತು. ದಾಯಾದಿ ಕೊಟ್ಟ ಹಾಲು ಕುಡಿದು ಸಾಯುವ ರಾಜಕುಮಾರ! ಬಾಯಲ್ಲಿ ನೊರೆ ಬರಿಸಲು ಒಂದು ಉಂಡೆ ಟೂತ್ ಪೇಸ್ಟ್ ದವಡೆಯಲ್ಲಿಟ್ಟುಕೊಳ್ಳುವುದು ಮುರುಗೇಶಣ್ಣನ ಸ್ವಂತ ಆವಿಷ್ಕಾರ. ಹೊರಡುವಾಗ ಅವರು ನನ್ನ ಕಿವಿಯ ಹತ್ತಿರ ಬಾಗಿ, "ಡೇಯ್, ಅವರು ಪರೀಕ್ಷೆ ಮಾಡೋರು. ಏಳು ಅಂತಾರೆ, ಸಾಕು ಅಂತಾರೆ, ಏನೇನೋ ಮಾಡ್ತಾರೆ. ನೀನು ಮಾತ್ರ ಅಲ್ಲಾಡಬೇಡ" ಎಂದು ಉಪದೇಶ ಮಾಡಿದರು.

ಶನಿವಾರ ಅಪ್ಪನೂ ನಾನೂ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆವು. ಒಂದು ಕಾಲೇಜಿನ ಹಾಲಿನಲ್ಲಿ ಸಂದರ್ಶನ. ಹೊರಗೆ ಬೆಂಚಿನ ಮೇಲೆ ಮೂವತ್ತು ನಲವತ್ತು ಜನ ಹುಡುಗ ಹುಡುಗಿಯರು ತಮ್ಮ ತಮ್ಮ ಮಾತು ಗೊಣಗಿಕೊಳ್ಳುತ್ತಿದ್ದರು. ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದ ಅಪ್ಪನನ್ನು ನೋಡಿ ಒಬ್ಬ ಹುಡುಗಿ ಇವರೇ ಪರೀಕ್ಷಕರು ಎಂದುಕೊಂಡು ನಮಸ್ಕಾರ ಮಾಡಿದಳು. ನನ್ನ ಹೆಸರು ಕೂಗುವ ಸೂಚನೆ ಸಿಕ್ಕ ಕೂಡಲೇ ನಾನು ಮರೆಗೆ ಹೋಗಿ ಟೂತ್ ಪೇಸ್ಟ್ ದವಡೆಗೆ ಸೇರಿಸಿದೆ. ಆತ್ಮವಿಶ್ವಾಸ ತುಂಬಿ ತುಳುಕುತ್ತಿದ್ದುದರಿಂದ ಒಂದು ಉಂಡೆಯ ಬದಲು ಮೂರು ಉಂಡೆ ಹಾಕಿಕೊಂಡೆ.

ಒಳಗೆ ಇಬ್ಬರು ಪರೀಕ್ಷಕರು. ಒಬ್ಬರು ಜುಬ್ಬಾ ತೊಟ್ಟ ಗಡ್ಡದವರು, ಇನ್ನೊಬ್ಬರು ಖಾದಿ ಸೀರೆಯ ಮೇಡಂ.

"ನಿಮ್ಮ ಹೆಸರು?" ಎಂದು ಮೇಡಂ ಕೇಳಿದರು.

ಬಾಯಿ ಬಿಟ್ಟರೆ ನೊರೆ ಈಗಲೇ ಹೊರಗೆ ಬರುತ್ತದೆ. ಕೈಮುಗಿದು ತಲೆಯಾಡಿಸಿದೆ.

"ಎಲ್ಲಿಂದ ಬಂದಿದ್ದೀರಿ?"

ಮತ್ತೆ ಕೈಮುಗಿದೆ.

ಗಡ್ಡದವರು ನನ್ನ ಅನುಭವ ಪತ್ರ ಓದಿದರು. ಎರಡನೇ ಸಲ ಓದಿದರು. ಆಮೇಲೆ ಅದನ್ನು ಮೇಡಂಗೆ ದಾಟಿಸಿ, "ಶುರು ಮಾಡಪ್ಪ, ಐದು ನಿಮಿಷ ಇದೆ" ಎಂದರು.

ನಾನು ಇಲ್ಲದ ಲೋಟ ಎತ್ತಿ ಇಲ್ಲದ ಹಾಲು ಕುಡಿದೆ. "ಅಣ್ಣಾ! ಈ ಹಾಲಿನಲ್ಲಿ ಏನು ಬೆರೆಸಿದೆ?" ಎನ್ನುವಷ್ಟರಲ್ಲಿ ಪೇಸ್ಟು ತನ್ನ ಪ್ರತಾಪ ತೋರಿಸಿತು. ಬಾಯಿಂದ, ಸ್ವಲ್ಪ ಮೂಗಿನಿಂದಲೂ ನೊರೆ ಉಕ್ಕಿತು. ಕಣ್ಣು ಉರಿದು ನೀರು ಬಂತು. ಗಂಟಲು ಹಿಡಿದುಕೊಂಡು, ಮೂರು ಸುತ್ತು ಸುತ್ತಿ, ದೊಪ್ಪನೆ ಬಿದ್ದು, ಕಾಲು ನಾಲ್ಕು ಸಲ ಕೊಡವಿ ಸತ್ತೆ. ಒಟ್ಟು ಒಂದು ನಿಮಿಷವೂ ಆಗಿರಲಿಲ್ಲ. ನನ್ನ ಜೀವಮಾನದ ಅತ್ಯುತ್ತಮ ಸಾವು ಅದು!

ನಾನು ಪರದೆ ಬೀಳುವುದನ್ನು ಕಾಯುತ್ತಾ ಮಲಗಿದೆ.

ಅಲ್ಲಿ ಪರದೆಯೇ ಇರಲಿಲ್ಲ. ಹೆಣಕ್ಕೆ ಅದು ಹೇಗೆ ಕಾಣಬೇಕು?

"ಆಯ್ತಪ್ಪ, ಏಳು" ಎಂದರು ಗಡ್ಡದವರು. ಓಹೋ, ಪರೀಕ್ಷೆ ಶುರುವಾಯಿತು ಎಂದುಕೊಂಡೆ. ಅಲ್ಲಾಡಲಿಲ್ಲ. "ಸಾಕು, ಏಳಿ, ಬೇರೆಯವರು ಕಾಯ್ತಿದ್ದಾರೆ" ಎಂದರು ಮೇಡಂ. ಮುರುಗೇಶಣ್ಣ ಎಂಥ ಜ್ಞಾನಿ, ಅಕ್ಷರಶಃ ಹೇಳಿದ್ದರಲ್ಲ!

"ಸಾರ್, ಇದು ಆಕ್ಟಿಂಗ್ ಅಲ್ಲ ಅನ್ಸುತ್ತೆ. ನೊರೆ ನೋಡಿ!" ಎಂದರು ಮೇಡಂ.

"ಅಯ್ಯೋ, ಫಿಟ್ಸ್ ಕಣ್ರೀ! ಕಬ್ಬಿಣ ಕೊಡ್ರೀ ಕೈಗೆ!" ಎಂದು ಬಾಗಿಲ ಕಡೆಯಿಂದ ಯಾರೋ ಕೂಗಿದರು.

ದಬದಬ ಓಡುವ ಸದ್ದು. ಯಾರೋ ನನ್ನ ಬಲಗೈಗೆ ಬೀಗದ ಕೈ ಗೊಂಚಲು ತುರುಕಿದರು. ಅದು ಸಾಲದೆಂದು ಎಡಗೈಗೆ ಹಾಲಿನ ಬಾಗಿಲಿನ ದಪ್ಪ ಬೀಗ. ಮೂಗಿನ ಹತ್ತಿರ ಹೆಚ್ಚಿದ ಈರುಳ್ಳಿ ಹಿಡಿದರು. ಮುಖಕ್ಕೆ ಒಂದು ಚೊಂಬು ನೀರು ರಪ್ಪನೆ ಬಡಿಯಿತು. ಇಷ್ಟು ಕಠಿಣವಾದ ಪ್ರವೇಶ ಪರೀಕ್ಷೆ ಬಹುಶಃ ವೈದ್ಯಕೀಯಕ್ಕೂ ಇರಲಾರದು ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಒಂದೊಂದು ಹಿಂಸೆಗೂ ನನ್ನ ಅಂಕ ಏರುತ್ತಿದೆ ಎಂಬುದು ನನ್ನ ಲೆಕ್ಕಾಚಾರ.

"ಈ ಹುಡುಗನ ಕಡೆಯವರು ಯಾರಾದ್ರೂ ಇದೀರಾ?" ಎಂದು ಮೇಡಂ ಬಾಗಿಲಲ್ಲಿ ಕೂಗಿದರು.

ಆಮೇಲೆ ಕೇಳಿಸಿದ್ದು ಅಪ್ಪನ ಚಪ್ಪಲಿ ಸದ್ದು. ಅಪ್ಪ ಓಡಿದ್ದನ್ನು ನಾನು ಅಲ್ಲಿಯವರೆಗೆ ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ. ಅವರು ನನ್ನ ಪಕ್ಕ ಕುಸಿದು, ನನ್ನ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು.

"ಲೋಕೇಶ... ಏ ಲೋಕೇಶ... ಕಣ್ಣು ಬಿಡೋ ಮಾರಾಯ. ಅಪ್ಪ ಬಂದಿದೀನಿ ನೋಡೋ." ನನ್ನ ಕೆನ್ನೆಯ ಮೇಲೆ ಬಿಸಿಯಾಗಿ ಏನೋ ಬಿತ್ತು. ಚೊಂಬಿನ ನೀರು ತಣ್ಣಗಿತ್ತು, ಇದು ಅದಲ್ಲ. "ನಾನು ಬೈದಿದ್ದು ಮನಸ್ಸಿಗೆ ಹಚ್ಕೊಂಡ್ಯೇನೋ? ಯಾವ ಅಪ್ರೆಂಟಿಸೂ ಬೇಡ. ನೀನು ನಾಟಕನೇ ಮಾಡು, ಎಷ್ಟು ವರ್ಷ ಬೇಕಾದ್ರೂ ಮಾಡು, ನಾನು ಏನೂ ಅನ್ನಲ್ಲ. ಏಳೋ ಸಾಕು."

ಇಲ್ಲಿ ನನ್ನ ಕಲಾಜೀವನದ ಮೊದಲ ತಪ್ಪು ನಡೆಯಿತು. ಪರದೆ ಬೀಳುವ ಮೊದಲೇ ಒಂದು ಕಣ್ಣು ಬಿಟ್ಟು, "ನಿಜವಾಗ್ಲೂ ಅಪ್ಪ?" ಎಂದು ಕೇಳಿಬಿಟ್ಟೆ.

ಅಪ್ಪ ನನ್ನನ್ನೇ ನೋಡಿದರು. ನನ್ನ ಬಾಯಿಯ ನೊರೆಯನ್ನು ಬೆರಳಲ್ಲಿ ತೆಗೆದು ಮೂಸಿದರು. ದಿನಾ ಬೆಳಿಗ್ಗೆ ಅವರೂ ಉಜ್ಜುತ್ತಿದ್ದ ಪೇಸ್ಟೇ ಅದು. ಆಮೇಲೆ ಬಿದ್ದ ಏಟಿನ ಸದ್ದು ಹಾಲಿನಲ್ಲಿ ಎರಡು ಸಲ ಪ್ರತಿಧ್ವನಿಸಿತು. ಬೀಗ ಒಂದು ಕಡೆ, ಬೀಗದ ಕೈ ಒಂದು ಕಡೆ, ನಾನು ಇನ್ನೊಂದು ಕಡೆ ಬಿದ್ದೆವು.

ಹೊಡೆದ ಕೈಯಲ್ಲೇ ಅಪ್ಪ ಕಣ್ಣೊರೆಸಿಕೊಂಡು ಎದ್ದರು. ಇನ್ನು ಮನೆಗೆ ಎಳೆದುಕೊಂಡು ಹೋಗುತ್ತಾರೆ ಎಂದು ನಾನು ಕಾಯುತ್ತಿದ್ದರೆ ಅವರು ಸೀದಾ ಪರೀಕ್ಷಕರ ಕಡೆ ತಿರುಗಿದರು.

"ಸಾರ್, ಹೆತ್ತಪ್ಪ ನಾನು. ನಾನೇ ನಂಬಿಬಿಟ್ಟೆ. ಇದಕ್ಕಿಂತ ಇನ್ನೇನು ಬೇಕು ನಿಮಗೆ? ಬರ್ಕೊಳ್ಳಿ ಇವನ ಹೆಸರು!"

ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ಗೊತ್ತಾಗಲಿಲ್ಲ. ಸೆರಗು ಸರಿಸಿ, "ಮುಖ ತೊಳ್ಕೊಂಡು ಬನ್ನಿ. ಇನ್ನೊಂದು ಸಣ್ಣದು ಕೊಡ್ತೀನಿ" ಎಂದರು. ತೊಳೆದು ಬಂದೆ. "ನೀವು ಮನೆಯಿಂದ ಅಂಗಡಿಗೆ ಹೋಗ್ತಿದೀರಿ ಅಂದ್ಕೊಳ್ಳಿ. ಆ ಬಾಗಿಲಿಂದ ಈ ಕಿಟಕಿವರೆಗೆ ನಡ್ಕೊಂಡು ಬನ್ನಿ. ಮಾತು ಬೇಡ, ಸುಮ್ನೆ ನಡೀರಿ ಸಾಕು."

ಇಷ್ಟೇನಾ ಎಂದುಕೊಂಡು ಬಾಗಿಲಿಗೆ ಹೋಗಿ ನಿಂತೆ. ಆಗ ಒಂದು ಭಯಂಕರ ಸತ್ಯ ಹೊಳೆಯಿತು. ಆರು ನಾಟಕಗಳಲ್ಲಿ ಒಂದರಲ್ಲೂ ನಾನು ರಂಗದ ಮೇಲೆ ನಡೆದೇ ಇರಲಿಲ್ಲ! ಪರದೆ ಏಳುವಾಗ ನಿಂತಿರುತ್ತಿದ್ದೆ, ಬೀಳುವಾಗ ಮಲಗಿರುತ್ತಿದ್ದೆ. ನಡೆಯುವ ಪಾತ್ರ ನನಗೆ ಯಾರೂ ಕೊಟ್ಟಿರಲಿಲ್ಲ.

ಬಲಗಾಲು ಎತ್ತಿದೆ. ಅದರ ಜೊತೆ ಬಲಗೈಯೂ ಎದ್ದು ಬಂತು. ಸರಿಪಡಿಸಲು ಎಡಗಾಲು ಎತ್ತಿದರೆ ಎಡಗೈಯೂ ಹೊರಟಿತು. ನಮ್ಮ ಕ್ವಾರ್ಟರ್ಸಿನ ಅಂಗಡಿಗೆ ಸಾವಿರ ಸಲ ಹೋಗಿದ್ದ ನಾನು ಆ ಕಿಟಕಿ ತಲುಪಲು ಒದ್ದಾಡಿಬಿಟ್ಟೆ. ಕೊನೆಗೆ ಕಿಟಕಿಯ ಹತ್ತಿರ ಬಂದು, ಏನು ಮಾಡುವುದೆಂದು ತೋಚದೆ, ಅಭ್ಯಾಸಬಲದಿಂದ ಎದೆ ಹಿಡಿದುಕೊಳ್ಳಲು ಹೋದೆ.

"ಬೇಡಪ್ಪ! ಬೇಡ!" ಎಂದು ಇಬ್ಬರೂ ಒಟ್ಟಿಗೇ ಕೂಗಿದರು.

ಮೇಡಂ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಈ ವರ್ಷ ಆಗಲ್ಲ ಲೋಕೇಶ್. ಸಾಯೋದು ಒಂದು ನಿಮಿಷದ ಕೆಲಸ. ಮಿಕ್ಕಿದ್ದೆಲ್ಲ ಎದ್ದು ನಿಂತು ಮಾಡೋದು. ಬೇಜಾರು ಮಾಡ್ಕೋಬೇಡಿ" ಎಂದರು. ನನಗೆ ಬೇಜಾರಾಯಿತು. ಈ ಸಲ ಪೇಸ್ಟಿಲ್ಲದೆಯೇ ಕಣ್ಣಲ್ಲಿ ನೀರು ಬಂತು.

ಗಡ್ಡದವರು ಅಪ್ಪನ ಹತ್ತಿರ ಹೋಗಿ ಮೆಲ್ಲಗೆ, "ನಿಮ್ಮ ವಯಸ್ಸೆಷ್ಟು ಸಾರ್?" ಎಂದು ಕೇಳಿದರು.

"ಐವತ್ತೆರಡು. ಯಾಕೆ?"

"ಛೆ! ಇಪ್ಪತ್ತೆಂಟರ ಮೇಲೆ ನಾವು ತಗೊಳ್ಳೋ ಹಾಗಿಲ್ಲ" ಎಂದು ಅವರು ನಿಜಕ್ಕೂ ಕೈ ಹಿಸುಕಿಕೊಂಡರು. ಇಡೀ ದಿನದಲ್ಲಿ ಆ ಪರೀಕ್ಷಕರಿಗೆ ಮನಸಾರೆ ಇಷ್ಟವಾದ ಅಭ್ಯರ್ಥಿ ನಮ್ಮಪ್ಪ ಒಬ್ಬರೇ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಾನು ಸೋಮವಾರವನ್ನು ನೆನೆಯುತ್ತಿದ್ದೆ. ಅರ್ಧ ದಾರಿಯಾದ ಮೇಲೆ ಅಪ್ಪ ತಾವಾಗಿಯೇ ಬಾಯಿ ಬಿಟ್ಟರು.

"ನಿನ್ನ ಮೊದಲನೇ ನಾಟಕಕ್ಕೆ ಬಂದಿದ್ದೆ ನಾನು. ಹಿಂದೆ ನಿಂತಿದ್ದೆ. ನಿಂಗೆ ಗುಂಡು ಹೊಡೆದ್ರು. ಹೊರಟು ಹೋಗ್ಬಿಟ್ಟೆ. ಮಗ ಸಾಯೋದನ್ನ ನಿಂತ್ಕೊಂಡು ನೋಡೋಕೆ ನನ್ನ ಕೈಲಿ ಆಗ್ಲಿಲ್ಲ ಕಣೋ."

ನಾನು ಅವರ ಕೈ ಹಿಡಿದುಕೊಂಡೆ. ಏಟು ಕೊಟ್ಟ ಅದೇ ಕೈ, ನನ್ನ ಕೆನ್ನೆ ಇನ್ನೂ ಉರಿಯುತ್ತಿತ್ತು.

"ಅಲ್ಲ, ನಡೆಯೋಕೆ ಬರಲ್ಲ ಅಂತ ಬಿಟ್ಟುಬಿಡೋದಾ?" ಎಂದು ಅಪ್ಪ ಇದ್ದಕ್ಕಿದ್ದಂತೆ ಸಿಟ್ಟಾದರು. "ಒಂದು ವರ್ಷ ಇಟ್ಕೊಂಡು ಅಷ್ಟೂ ಕಲಿಸೋಕಾಗಲ್ವಂತಾ ಅವರಿಗೆ? ಹನ್ನೊಂದೇ ತಿಂಗಳಿಗೆ ನಿಂಗೆ ಕಲಿಸಿದ್ದೆ ನಾನು! ಮುಂದಿನ ವರ್ಷ ಯಾವಾಗಂತೆ ಇದು?"

"ಮತ್ತೆ ಅಪ್ರೆಂಟಿಸ್..."

"ಅದೂ ಮಾಡು. ಬಾಯ್ಲರ್ ಪಕ್ಕ ನಡೆಯೋಕೆ ಯಾರೂ ಬೇಡ ಅನ್ನಲ್ಲ. ಬರೋ ವರ್ಷ ಮತ್ತೆ ಫಾರಂ ಹಾಕು. ಸಹಿ ಹಾಕ್ತೀನಿ."

ಕಾಗದನಗರದಲ್ಲಿ ಇಳಿದ ಕೂಡಲೇ ಅಪ್ಪ ನನ್ನನ್ನು ಮುಂದೆ ಬಿಟ್ಟು ತಾವು ಹತ್ತು ಹೆಜ್ಜೆ ಹಿಂದೆ ನಿಂತರು. "ಹೂಂ, ನಡಿ. ಕೈ ಬೀಸು. ಅದಲ್ಲ, ಆ ಕೈ! ತಲೆ ಎತ್ತು!" ಎಂದು ರಸ್ತೆಯುದ್ದಕ್ಕೂ ಕೂಗುತ್ತಾ ಬಂದರು. ಸಂಜೆ ಶಿಫ್ಟ್ ಬಿಟ್ಟ ಜನ ಸೈಕಲ್ ನಿಲ್ಲಿಸಿ ನೋಡತೊಡಗಿದರು. ಸರೋಜಮ್ಮ ಗೇಟಿನಿಂದ ಹೊರಗೆ ಬಂದು, "ಅಯ್ಯೋ, ಏನಾಯ್ತಣ್ಣ ಹುಡುಗನಿಗೆ?" ಎಂದು ಗಾಬರಿಯಿಂದ ಕೇಳಿದರು.

ಅಪ್ಪ ಎದೆಯುಬ್ಬಿಸಿ ಹೇಳಿದರು, "ಏನಿಲ್ಲಮ್ಮ. ನಾಟಕದ ಟ್ರೇನಿಂಗು."

ನಾನು ಸರೋಜಮ್ಮನ ಎದುರಿಗೇ ಬಲಗೈಯನ್ನೂ ಬಲಗಾಲನ್ನೂ ಒಟ್ಟಿಗೇ ಎತ್ತಿದೆ.