ಕಾಕಾನ ಗಂಟೆ ಮತ್ತು ಮಂತ್ರಿಗಳ ಭಾಷಣ

ನಿಲಂಗಾ, ಉಮರ್ಗಾ, ಉದಗೀರ ಈ ಮೂರೂ ಕಡೆ ನಮ್ಮ ಕಾಕಾನಷ್ಟು ಭಾಷಣ ಕೇಳಿದವರು ಯಾರೂ ಇಲ್ಲ. ಅವನಷ್ಟು ಭಾಷಣ ಕೆಡಿಸಿದವರೂ ಇಲ್ಲ! ಊರ ಅಯ್ಯನವರು ಅವನೇ. ಬಗಲಲ್ಲಿ ಜೋಳಿಗೆ, ಕೈಯಲ್ಲಿ ಭಿಕ್ಷೆಯ ಗಂಟೆ. ಪೂಜೆ ಮುಗಿಸಿದವನೇ ಸಭೆಗೆ ಓಡುತ್ತಿದ್ದ.

ರಜಾಕಾರರ ಗದ್ದಲ ಅಡಗಿ, ನಮ್ಮೂರು ಸೇರುವುದು ಮೈಸೂರು ರಾಜ್ಯಕ್ಕೋ ಮುಂಬಯಿಗೋ ಎಂಬ ಜಗಳ ಎದ್ದಿದ್ದ ಕಾಲ. ಊರಲ್ಲಿ ಎರಡು ಪಾರ್ಟಿ. ತಮ್ಮ ಮುಖಂಡ ಕೆಮ್ಮಿದರೂ ಚಪ್ಪಾಳೆ. ಎದುರಿನವನು ಹೊತ್ತು ಮೂಡಣದಲ್ಲಿ ಹುಟ್ಟುತ್ತದೆ ಎಂದರೂ ಹುಬ್ಬು ಗಂಟು! ಕಾಕಾ ಮಾತ್ರ ಒಳ್ಳೆಯ ಮಾತು ಯಾರು ಆಡಿದರೂ ಚಪ್ಪಾಳೆ ತಟ್ಟುತ್ತಿದ್ದ. ಫಲ? ಎರಡೂ ಪಾರ್ಟಿಯವರು ಅವನನ್ನು ಎದುರು ಪಾರ್ಟಿಯವನೆಂದೇ ನಂಬಿ ಪಾದಪೂಜೆಗೆ ಕರೆಯುವುದನ್ನು ಬಿಟ್ಟರು. ಅವನೇನು ಸುಮ್ಮನಿರುವ ಆಸಾಮಿಯೇ?

"ಮಂಗಳಾರತಿಗೆ ಎಲ್ಲಾರೂ ಕೂಡಿ ಚಪ್ಪಾಳಿ ಬಡೀತೀರಿ. ದೇವರು ಯಾ ಪಾರ್ಟಿಯಾಂವ ಅಂತ ಕೇಳೀರೇನ್ರಿ?" ಎಂದು ಚಾವಡಿಯಲ್ಲೇ ಕೇಳಿದ.

ಅಂಥದರಲ್ಲಿ ಮಂತ್ರಿಗಳು ನಮ್ಮೂರಿಗೇ ಬಂದರು! ಹೆರಿಗೆ ದವಾಖಾನೆ ಕೊಡುತ್ತೇವೆ, ಆದರೆ ಊರೆಲ್ಲ ಒಪ್ಪಬೇಕು, ಒಪ್ಪಿದವರು ಎದ್ದು ನಿಲ್ಲಿ ಎಂದರು. ಜಾಗ ಕೊಡಲು ಮುಂದಾದವನು ಮುಂಬಯಿ ಪಾರ್ಟಿಯ ಪಾಟೀಲ. ಸರಿ, ಅವರೆಲ್ಲ ಎದ್ದರು. ಮೈಸೂರು ಪಾರ್ಟಿಯವರು ಜಮಖಾನೆಗೆ ಅಂಟಿಕೊಂಡು ಕೂತರು. ಹಾಗಿದ್ದರೆ ಪಕ್ಕದ ಊರು ವಲಾಂಡಿಗೆ ಕೊಡುತ್ತೇವೆ ಎಂದು ಮಂತ್ರಿಗಳು ಟೋಪಿ ಸರಿಮಾಡಿಕೊಂಡರು.

ಕಾಕಾನಿಗೆ ಇದು ಬರೀ ಭಾಷಣವಾಗಿರಲಿಲ್ಲ. ಹೆರಿಗೆ ನೋವು ತಿನ್ನುತ್ತಿದ್ದ ಹೆಂಡತಿಯನ್ನು, ನಮ್ಮ ಕಾಕೂನನ್ನು, ಉದಗೀರಕ್ಕೆ ಒಯ್ಯುವಾಗ ಆಕೆ ಗಾಡಿಯಲ್ಲೇ ತೀರಿಕೊಂಡಿದ್ದಳು. ಅವನಿಗೆ ತಡೆಯಲಾಗಲಿಲ್ಲ. ಎದ್ದವನೇ ಗಂಟೆ ಬಾರಿಸತೊಡಗಿದ, ಠಣ್ ಠಣ್!

ಅಯ್ಯನ ಗಂಟೆ ಕೇಳಿದ ಮೇಲೆ ನಮ್ಮವರು ಕೂತಿರುವುದುಂಟೇ? ಮೈಸೂರು ಪಾರ್ಟಿ ಪೂರ್ತಿ ಧಡಕ್ಕನೆ ಎದ್ದು, ಶರಣಾರ್ಥಿ ಎಂದು ಕೈಮುಗಿಯಿತು! ಮೋಸಹೋದದ್ದು ಮರುಕ್ಷಣವೇ ತಿಳಿಯಿತು. ಆದರೆ ಗಂಟೆ ನಿಲ್ಲುವ ತನಕ ಕೂಡುವಂತಿಲ್ಲ, ಕಾಕಾ ನಿಲ್ಲಿಸಿದರೆ ತಾನೆ! ಊರಿಗೆ ಊರೇ ತಮಗೆ ಕೈಮುಗಿದಿದೆ ಎಂದುಕೊಂಡ ಮಂತ್ರಿಗಳು ಕರಗಿಹೋಗಿ, ಮಂಜೂರ ಎಂದರು. ಆಗ ಗಂಟೆ ನಿಂತಿತು.

ದವಾಖಾನೆ ಉದ್ಘಾಟನೆಯ ದಿನ ಮತ್ತೆ ಭಾಷಣ, ಮತ್ತೆ ಅರ್ಧ ಸಭೆಯ ಚಪ್ಪಾಳೆ. ಕಾಕಾ ಇನ್ನೇನು ಸಿಡಿಯುತ್ತಾನೆ ಎಂದು ಖುಷಿಯಿಂದ ಹುಡುಕಿದೆ. ಸಭೆಯಲ್ಲಿ ಇರಲಿಲ್ಲ. ಒಳಗೆ, ಹೊಸ ಕಬ್ಬಿಣದ ಮಂಚದ ಪಕ್ಕ, ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದ. ಬಾರಿಸುವುದಿಲ್ಲವೇ ಎಂದು ಚೇಷ್ಟೆ ಮಾಡಿದೆ. ಅವನು ನಗಲಿಲ್ಲ.

"ಗಾಡ್ಯಾಗ ನಿಮ್ಮ ಕಾಕೂ ಕೇಳಕೋತನ ಇದ್ಳು, ದವಾಖಾನಿ ಬಂತೇನ್ರಿ ಅಂತ. ಬಂತು, ಬಂತು ಅಂತ ನಾ ಸುಳ್ಳ ಹೇಳಕೋತ ಹೋದೆ," ಎಂದ.

ಆಮೇಲೆ ಖಾಲಿ ಮಂಚದ ಮೇಲೆ ಕೈಯಿಟ್ಟು, ನನಗಲ್ಲ, ಆಕೆಗೆ ಹೇಳಿದ: "ಈಗ ಬಂತ ನೋಡು."