ಹನ್ನೆರಡನ್ನು ಕಳೆದು, ಹನ್ನೆರಡನ್ನು ಕೂಡಿ

ಸೃಷ್ಟಿಯಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಕೇಂದ್ರವಿದೆ. ಅದನ್ನು ಅರಿತವನಿಗೆ ಉಳಿದದ್ದೆಲ್ಲ ತಾನಾಗಿ ಒಲಿಯುತ್ತದೆ. ಮಾತು ದೊಡ್ಡದು, ಒಪ್ಪಿದೆ. ಆದರೆ ಆ ಕೇಂದ್ರವನ್ನು ನನ್ನ ಮನೆಯ ರೊಟ್ಟಿಯಲ್ಲಿ ಹುಡುಕುವ ಅಧಿಕಾರವನ್ನು ನನ್ನ ಷಡ್ಡಕನಿಗೆ ಕೊಟ್ಟವರು ಯಾರು?

ಷಡ್ಡಕನೆಂದರೆ ನನ್ನ ಹೆಂಡತಿಯ ತಂಗಿಯ ಗಂಡ. ದಾವಣಗೆರೆಯ ಒಂದು ಕಾಲೇಜಿನಲ್ಲಿ ಗಣಿತದ ಲೆಕ್ಚರರು. ಈ ಮಹಾನುಭಾವ ಜೋಳದ ರೊಟ್ಟಿಯನ್ನು ನಮ್ಮ ನಿಮ್ಮ ಹಾಗೆ ಅಂಚಿನಿಂದ ಮುರಿಯುವುದಿಲ್ಲ. ನಟ್ಟನಡುವೆ ಬೆರಳಿಟ್ಟು ತೂತು ಮಾಡಿ, ಅಲ್ಲಿಂದ ಸುತ್ತಲೂ ಒಂದೇ ಸಮನೆ ತಿನ್ನುತ್ತ ಹೊರಗೆ ಬರುತ್ತಾನೆ. ಕೊನೆಗೆ ತಟ್ಟೆಯಲ್ಲಿ ಒಂದು ಬಳೆ ಉಳಿಯುತ್ತದೆ!

"ಏನ್ರಿ ಇದು?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ತೂತು ಹೆಂಗೆ ಬೆಳಿತೈತೆ ನೋಡ್ರಿ ಅಣ್ಣಾರೆ! ದೊಡ್ಡದಾಗ್ತೈತೆ, ಆದ್ರೆ ಇದ್ದ ಜಾಗ ಬಿಟ್ಟು ಕದಲಲ್ಲ. ಆಕಾರ ಬೆಳೆಯೋದು ಅಂದ್ರೆ ಹಿಂಗೆ!"

"ಅವರ ತಲೆ ನೋಡ್ರಿ" ಎಂದಳು ನನ್ನ ಹೆಂಡತಿ, ಇನ್ನೊಂದು ರೊಟ್ಟಿ ಬಡಿಸುತ್ತ. ನಾನು ಹದಿನೈದು ವರ್ಷಗಳಿಂದ ಅವಳ ರೊಟ್ಟಿಯನ್ನು ಅಂಚಿನಿಂದ ತಿಂದಿದ್ದೇನೆ. ನನ್ನ ತಲೆಯನ್ನು ನೋಡಿರೆಂದು ಅವಳು ಯಾರಿಗೂ ಹೇಳಿದ್ದಿಲ್ಲ.

ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಎಂದು ಮನೆಯಲ್ಲೊಂದು ಮಾತಿದೆ. ಸುಳ್ಳು. ಹೊಟ್ಟೆಕಿಚ್ಚು ಎಂಬುದು ತೀರ ಸಣ್ಣ ಶಬ್ದ. ನಾನು ಹಿರಿಯ ಅಳಿಯ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು. ಹರಿಹರದ ನಮ್ಮ ಮಾವನವರು ನನ್ನನ್ನು "ಮೇಷ್ಟ್ರೇ" ಎಂದು ಕರೆಯುತ್ತಿದ್ದರು. ಆಗಬಹುದು. ಆದರೆ ನಿನ್ನೆ ಮೊನ್ನೆ ಬಂದ ಈ ಲೆಕ್ಚರರನ್ನು "ಪ್ರೊಫೆಸರ್ರೇ" ಎನ್ನುತ್ತಿದ್ದರು! ಹಬ್ಬಕ್ಕೆ ನನಗೆ ಬಂದ ಪಂಚೆಗೂ ಅವನಿಗೆ ಬಂದ ಪಂಚೆಗೂ ಜರಿಯಂಚಿನಲ್ಲಿ ಒಂದು ಬೆರಳು ವ್ಯತ್ಯಾಸ. ಊಹೆಯಲ್ಲ, ಅಳೆದು ನೋಡಿದ್ದೇನೆ.

ಮದುವೆಯಾದ ಮೇಲೆ ಅವನ ಕೋಟು ಬಿಗಿಯಾಯಿತು. ದರ್ಜಿಯ ಬಳಿ ಹೋಗುವಾಗ ನನ್ನನ್ನೂ ಕರೆದೊಯ್ದ. ನಡುವಿನ ಗುಂಡಿಯ ಮೇಲೆ ಬೆರಳಿಟ್ಟು, "ಈ ಗುಂಡಿ ಇದ್ದಲ್ಲೇ ಇರ್ಬೇಕು. ಉಳಿದದ್ದೆಲ್ಲ ಇದರ ಸುತ್ತ ಎಲ್ಲಾ ಕಡೆ ಒಂದೇ ಲೆಕ್ಕದಾಗೆ ದೊಡ್ಡದಾಗ್ಬೇಕು" ಎಂದು ಅಪ್ಪಣೆ ಮಾಡಿದ. ದರ್ಜಿ ಕನ್ನಡಕವನ್ನು ಹಣೆಗೇರಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಸಾಹೇಬ್ರ, ನೀವು ಬೆಳೆದಿರೋದು ಹೊಟ್ಟೆ ಕಡೆ ಒಂದೇ. ಎಲ್ಲಾ ಕಡೆ ಒಂದೇ ಲೆಕ್ಕದಾಗೆ ಬೆಳಕೊಂಡು ಬರ್ರಿ, ಹೊಲಿದು ಕೊಡ್ತೀನಿ!"

ಆ ದರ್ಜಿಗೆ ನಾನು ಮನಸ್ಸಿನಲ್ಲೇ ಒಂದು ಶಾಲು ಹೊದಿಸಿದೆ. ಅಂದು ರಾತ್ರಿ ನನಗೆ ಹಿಡಿದ ಗಾಢ ನಿದ್ರೆ ಮತ್ತೆಂದೂ ಹಿಡಿದಿಲ್ಲ.

ಹೀಗಿರುವಾಗ ಮಾವನವರು ಹರಿಹರದಲ್ಲಿ ದನಗಳಿಗೆ ಹಾಕುವ ಹಿಂಡಿ, ಹತ್ತಿಕಾಳಿನ ಹೊಸ ಅಂಗಡಿ ಕಟ್ಟಿಸಿದರು. ರಸ್ತೆಯ ಕಡೆಯ ಗೋಡೆ ಇಪ್ಪತ್ತನಾಲ್ಕು ಅಡಿ ಅಗಲ, ಹದಿನಾಲ್ಕು ಅಡಿ ಎತ್ತರ. ಅದರ ಮೇಲೆ ಒಂದು ಎತ್ತು ಬರೆಯಬೇಕು. ಅಂಗಡಿಯ ಗುರುತೇ ಅದು. ಯಾರನ್ನು ಕರೆದರು? ನನ್ನನ್ನು! ನಾನು ಇದ್ದಿಲು ಹಿಡಿದು ಗೋಡೆಯ ನಡುವೆ ಎಂಟಡಿ ಉದ್ದದ ಎತ್ತು ಬರೆದೆ. ಹೆಗಲ ಮೇಲಿನ ಹಿಣಿಲು ಅಲುಗಿದಂತೆ ಕಾಣುತ್ತಿತ್ತು ಎಂದು ನೋಡಿದವರೇ ಹೇಳಿದರು. ನಾನಾಗಿ ಹೇಳಿಸಿದ್ದಲ್ಲ.

ಮಾವನವರು ರಸ್ತೆಯ ಆಚೆ ನಿಂತು ನೋಡಿದರು. "ಎತ್ತು ಚಲೋ ಐತೆ ಮೇಷ್ಟ್ರೇ. ಆದ್ರೆ ಬಸ್ಸಿನಾಗೆ ಕೂತೋರಿಗೆ ಕಾಣಂಗಿಲ್ಲ. ಇದರ ಎರಡರಷ್ಟು ಮಾಡ್ರಿ. ಇದೇ ಎತ್ತು ಆಗ್ಬೇಕು, ಒಂದು ಕೂದಲೂ ಬದಲಾಗಬಾರದು."

ಅಂಗಡಿಯ ಹಿಂದಿನ ಗೋಡೆಯ ಮೇಲೆ ಇನ್ನೊಂದು ಬರೆದು ನೋಡಿದೆ. ದೊಡ್ಡದೇನೋ ಆಯಿತು, ಆದರೆ ತಲೆ ಕೋಣನದಾಗಿ ಕಾಲು ಆಡಿನದಾಯಿತು. ಆಗ ಷಡ್ಡಕ ಮುಂದೆ ಬಂದ. "ಅಣ್ಣಾರೆ ಬರೆದ ಎತ್ತನ್ನೇ ನಾನು ಲೆಕ್ಕದಾಗೆ ಎರಡರಷ್ಟು ಮಾಡ್ತೀನ್ರಿ ಮಾವಾರೆ" ಎಂದು ನೋಟ್‌ಬುಕ್ ತೆಗೆದ. ನನ್ನ ಎತ್ತಿನ ಮೈಮೇಲೆ ಅರವತ್ತು ಚುಕ್ಕಿ ಗುರುತಿಸಿ, ಒಂದೊಂದೂ ಗೋಡೆಯ ಎಡ ಅಂಚಿನಿಂದ ಎಷ್ಟಡಿ, ನೆಲದಿಂದ ಎಷ್ಟಡಿ ಎಂದು ಬರೆದುಕೊಂಡ. ಮಾವನವರು ಕೂಡಲೇ ಗೋಡೆಗೆ ಸುಣ್ಣ ಹೊಡೆಸಿದರು. ನನ್ನ ಎತ್ತು ಹೋಯಿತು. ಉಳಿದದ್ದು ಪ್ರೊಫೆಸರರ ಅಂಕಿ! ಸೋಮವಾರ ಅಂಗಡಿ ಪೂಜೆ. ಭಾನುವಾರ ಹತ್ತು ಗಂಟೆಗೆ ಬಂದು ಬರೆಯುತ್ತೇನೆಂದು ಅವನು ಮಾತು ಕೊಟ್ಟ.

ನನ್ನ ಎತ್ತು ಅವನ ಹೆಸರಿನಲ್ಲಿ ನಿಲ್ಲುವುದೇ? ಹಾಗಾದರೆ ಆ ಮನೆಯಲ್ಲಿ ಹಿರಿಯ ಅಳಿಯನಿಗೆ ಉಳಿಯುವುದೇನು, ಆ ಒಂದು ಬೆರಳು ಕಡಿಮೆಯ ಪಂಚೆಯೇ?

ಶನಿವಾರ ಏನೋ ನೆಪ ಮಾಡಿ ಅವನ ಮನೆಗೆ ಹೋದೆ. ಅವನು ಸ್ನಾನಕ್ಕೆ ಹೋದಾಗ ನೋಟ್‌ಬುಕ್ ತೆರೆದು ಅರವತ್ತು ಚುಕ್ಕಿಯನ್ನೂ ನಕಲು ಮಾಡಿಕೊಂಡೆ. ವಿಧಾನವೂ ಅಲ್ಲೇ ಇತ್ತು: ಅಡ್ಡಳತೆಯಲ್ಲಿ ಹನ್ನೆರಡು ಕಳೆ, ಉಳಿದದ್ದನ್ನು ಎರಡರಿಂದ ಗುಣಿಸು, ಮತ್ತೆ ಹನ್ನೆರಡು ಕೂಡು. ಎತ್ತರಕ್ಕೆ ಅದೇ ರೀತಿ ಏಳು ಕಳೆ, ಗುಣಿಸು, ಏಳು ಕೂಡು. ನನಗೆ ನಗು ಬಂತು. ಕಳೆದದ್ದನ್ನೇ ಮತ್ತೆ ಕೂಡುವುದಾದರೆ ಕಳೆಯುವುದೇಕೆ ಸ್ವಾಮಿ? ಸಂಬಳ ಎಣಿಸಿಕೊಳ್ಳಬೇಕಾದರೆ ಗಣಿತದವರು ಇಂಥ ಮಡಿ ಮೈಲಿಗೆಗಳನ್ನೆಲ್ಲ ಇಟ್ಟುಕೊಳ್ಳಲೇಬೇಕು! ನಾನು ಅದನ್ನು ಬಿಟ್ಟುಬಿಟ್ಟೆ. ಬರೀ ಎರಡರಿಂದ ಗುಣಿಸಿದೆ.

ಭಾನುವಾರ ದಾವಣಗೆರೆಯ ಆನೆಕೊಂಡದ ನಮ್ಮ ಮನೆಯಿಂದ ನಸುಕಿನಲ್ಲೇ ಹೊರಟು ಮೊದಲ ಬಸ್ಸಿಗೆ ಹರಿಹರ ಸೇರಿದೆ. ಏಣಿ ಹಾಕಿದೆ. ಬಾಲ ಎಂಟಡಿಯಲ್ಲಿತ್ತು, ಹದಿನಾರಕ್ಕೆ ಹೋಯಿತು. ಮೂತಿ ಹದಿನಾರರಲ್ಲಿತ್ತು, ಮೂವತ್ತೆರಡಕ್ಕೆ ಹೋಯಿತು. ಗೊರಸು ನಾಲ್ಕೂವರೆಯಿಂದ ಒಂಬತ್ತಡಿಗೆ ಏರಿತು. ಮುಂಗಾಲು ಬರೆಯಲು ಏಣಿಯನ್ನು ಪಕ್ಕದ ಎಣ್ಣೆ ಅಂಗಡಿಯ ಗೋಡೆಗೆ ಸರಿಸಬೇಕಾಗಿ ಬಂದಾಗ ನನಗೆ ಅನುಮಾನ ಬರಬೇಕಿತ್ತು. ಬಂತು. ಆದರೆ ಲೆಕ್ಕವೆಂದ ಮೇಲೆ ಕೊನೆಗೆ ಸರಿಹೋಗದೆ ಇರುತ್ತದೆಯೇ ಎಂದು ಧೈರ್ಯ ತಂದುಕೊಂಡೆ. ಸರಿಹೋಗಲಿಲ್ಲ. ಉಳಿದ ಚುಕ್ಕಿಗಳನ್ನು ಇಡಲು ಗೋಡೆಯೇ ಇರಲಿಲ್ಲ, ಆಕಾಶವಿತ್ತು!

ಎಣ್ಣೆ ಅಂಗಡಿಯವರು ಬಾಗಿಲು ತೆರೆಯಲು ಬಂದು ಕತ್ತೆತ್ತಿದರು. "ಏನ್ ಮೇಷ್ಟ್ರೇ, ಮುಂಗಾಲು ನಮ್ಮ ಪಾಲಿಗೆ ಬಂದಂಗೈತೆ! ಮೇವು ನಾವು ಹಾಕ್ಬೇಕೋ, ನಿಮ್ಮ ಮಾವಾರು ಹಾಕ್ತಾರೋ?"

ಅಷ್ಟರಲ್ಲಿ ಮಾವನವರೂ ಷಡ್ಡಕನೂ ಬಂದರು. ಮಾವನವರು ಬಹಳ ಹೊತ್ತು ನೋಡಿದರು. ಹಿಂಗಾಲೆರಡು ನಮ್ಮ ಗೋಡೆಯಲ್ಲಿ, ಮುಂಗಾಲೆರಡು ಪಕ್ಕದ ಗೋಡೆಯಲ್ಲಿ, ಮಧ್ಯೆ ಒಂದಿಷ್ಟು ಹೊಟ್ಟೆ.

"ಎತ್ತಿನ ಮುಖ ಎಲ್ಲೈತೆ ಮೇಷ್ಟ್ರೇ?"

ನಾನು ಎಣ್ಣೆ ಅಂಗಡಿಯ ಸೂರಿನ ಮೇಲೆ, ಒಂದು ಕಾಗೆ ಹಾರುತ್ತಿದ್ದ ಕಡೆಗೆ ಬೆರಳು ತೋರಿಸಿದೆ. ಮಾವನವರು ನೇರವಾಗಿ ಸುಣ್ಣದವನನ್ನು ಕರೆಯಲು ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಷಡ್ಡಕ ನಗುತ್ತಾನೆ ಎಂದು ಕಾದೆ. ಅವನು ನನ್ನ ಕೈಯಲ್ಲಿದ್ದ ನಕಲನ್ನು ತೆಗೆದುಕೊಂಡು ಓದಿದ. "ಗುಣಾಕಾರದಾಗೆ ಒಂದೂ ತಪ್ಪಿಲ್ಲ ಅಣ್ಣಾರೆ. ಹನ್ನೆರಡು, ಏಳು, ಅದು ಎತ್ತಿನ ನಡು. ಅದನ್ನ ಕಳೀದೆ ಗುಣಿಸಿದ್ರೆ ಗೋಡೆ ಮೂಲೆಯಿಂದ ಬೆಳೀತಾ ಹೊರಟೋಗ್ತೈತೆ." ನಕಲನ್ನು ಮಡಚಿ ಕೇಳಿದ: "ನಾನು ಬರೋವರೆಗೂ ಯಾಕ ಕಾಯಲಿಲ್ಲ?"

"ಹೊಟ್ಟೆಕಿಚ್ಚು" ಎಂದೆ. ಬೇರೆ ಶಬ್ದ ಹುಡುಕುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಅವನು ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದು ನನ್ನ ಮುಂದೆ ಹಿಡಿದ. ಪುಟದ ತುಂಬ ಎತ್ತುಗಳು. ಇನ್ನೊಂದು ಪುಟ, ಮತ್ತೊಂದು ಪುಟ, ಎಲ್ಲ ಕಡೆ ಎತ್ತುಗಳೇ. ಕೆಲವು ಮಂಚದಂತೆ, ಕೆಲವು ಶಾಲೆಯ ಬೆಂಚಿನಂತೆ, ಒಂದಂತೂ ಕೋಡು ಮೂಡಿದ ಟ್ರಂಕಿನಂತೆ ಇತ್ತು.

"ನನ್ನ ಮದುವೆ ದಿನ ನೀವು ಚಪ್ಪರದ ಬಾಗಿಲ ಪಕ್ಕದಾಗೆ ಒಂದು ಬಸವಣ್ಣನ್ನ ಬರೆದ್ರಿ. ಎಲ್ಲಾರೂ ಮದುಮಗನ್ನ ಬಿಟ್ಟು ಅದನ್ನೇ ನೋಡ್ತಿದ್ರು. ನನ್ನ ಹೆಂಡ್ತಿನೂ! ಆವತ್ತಿಂದ ಕಲೀತಾ ಇದೀನ್ರಿ ಅಣ್ಣಾರೆ, ಮೂರು ವರ್ಷ ಆತು. ಕೈ ಬರಲಿಲ್ಲ. ಅದಕ್ಕೇ ಲೆಕ್ಕ ಹಿಡಕೊಂಡೆ."

ನಾನು ಆ ಪುಟಗಳನ್ನು ನಿಧಾನವಾಗಿ ತಿರುವಿದೆ. ಒಂದು ಪುಟದಲ್ಲಿ ಅವನು ಎತ್ತಿನ ಕಣ್ಣನ್ನು ಅಳಿಸಿ ಅಳಿಸಿ ಕಾಗದವೇ ಹರಿದಿತ್ತು.

"ಚುಕ್ಕಿ ಇಡ್ರಿ" ಎಂದೆ. "ಗೆರೆ ನಾನು ಎಳೀತೀನಿ."

ಸುಣ್ಣ ಒಣಗುವ ತನಕ ಇಬ್ಬರೂ ಕಟ್ಟೆಯ ಮೇಲೆ ಮಂಡಕ್ಕಿ ತಿನ್ನುತ್ತ ಕೂತೆವು. ಆಮೇಲೆ ಅವನು ಕಳೆದು, ಗುಣಿಸಿ, ಕೂಡಿ ಅಂಕಿ ಕೂಗಿದ, ನಾನು ಬರೆದೆ. ಸೋಮವಾರ ಪೂಜೆಯಾಗಿ ಅಂಗಡಿ ತೆರೆಯಿತು. ಎತ್ತಿನ ಎಡಕ್ಕೆ ನಾಲ್ಕಡಿ ಗೋಡೆ ಉಳಿದಿತ್ತು, ಬಲಕ್ಕೆ ನಾಲ್ಕಡಿ.